ಅಂಬಿಕಾ ತುಂಬಿದ ಫಾರಂಗಳು

ಹೋದ ತಿಂಗಳು ಹುಬ್ಬಳ್ಳಿಯಿಂದ ಅಹಮದಾಬಾದಿಗೆ ಹೋಗುತ್ತಿದ್ದೆ. ರೈಲು ಮೆಹಮದಾಬಾದ್ ದಾಟಿ ಸ್ವಲ್ಪ ಹೊತ್ತಾಗಿತ್ತು. ಎದುರಿನ ಸೀಟಿನಲ್ಲಿದ್ದ ಹೆಂಗಸು ಇದ್ದಕ್ಕಿದ್ದಂತೆ ಮೂಗಿಗೆ ಸೆರಗು ಒತ್ತಿಕೊಂಡು ಕಿಟಕಿಯ ಗಾಜು ಇಳಿಸಿ ಮುಚ್ಚಿದಳು. ಅಹಮದಾಬಾದಿನ ಅಂಚಿನ ವಟ್ವಾ ಹತ್ತಿರವಾಗಿತ್ತು. ಅಲ್ಲಿಯ ಬಣ್ಣದ ಕಾರ್ಖಾನೆಗಳ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಗಾಜು ಇಳಿಸಿದರೂ ಅದು ಒಳಗೆ ಬಂದೇ ಬರುತ್ತದೆ. "ಇಲ್ಲಿ ಜನ ಹೇಗಪ್ಪಾ ಇರ್ತಾರೆ," ಎಂದು ಆಕೆ ಹಿಂದಿಯಲ್ಲಿ ಕೇಳಿದಳು, ಉತ್ತರ ಬೇಕೆಂದೇನೂ ಅಲ್ಲ. ಅಲ್ಲಿ ಇರುವ ಒಬ್ಬಳನ್ನು ನಾನು ಬಲ್ಲೆ. ಒಂದು ವರ್ಷ ಅವಳ ಜೊತೆ ಒಂದೇ ಕೋಣೆಯಲ್ಲಿದ್ದೆ. ಈ ವಾಸನೆ ಅವಳ ಬಟ್ಟೆಗಳಲ್ಲಿತ್ತು. ರಜೆ ಮುಗಿಸಿ ಬಂದು ಬ್ಯಾಗ್ ತೆರೆದಾಗಲೆಲ್ಲ ಕೋಣೆಗೆ ಹರಡುತ್ತಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಅಪ್ಪನಿಗೆ ವಿಮಾ ಕಚೇರಿಯಿಂದ ಅಹಮದಾಬಾದಿಗೆ ವರ್ಗವಾಗಿತ್ತು. ಗದಗಿನ ಮನೆಗೆ ಬೀಗ ಹಾಕಿ ಎಲ್ಲರೂ ಅಲ್ಲಿಯ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಫ್ಲ್ಯಾಟಿಗೆ ಬಂದಿದ್ದೆವು. ನನಗೆ ವಡೋದರಾದಲ್ಲಿ ಆಹಾರ ಮತ್ತು ಪೌಷ್ಟಿಕತೆಯ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಎರಡನೇ ವರ್ಷಕ್ಕೆ ಹಾಸ್ಟೆಲಿನಲ್ಲಿ ಕೋಣೆ ಬದಲಾಯಿತು. ಜೂನ್ ತಿಂಗಳ ಒಂದು ಮಧ್ಯಾಹ್ನ, ಮಳೆ ಇನ್ನೂ ಬಾರದ, ಫ್ಯಾನಿನ ಗಾಳಿಯೂ ಬಿಸಿಯಾಗಿದ್ದ ಹೊತ್ತಿನಲ್ಲಿ, ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಬಾಗಿಲಲ್ಲಿ ಟ್ರಂಕು ಹಿಡಿದು ನಿಂತಿದ್ದ ಹುಡುಗಿ ನನ್ನ ಮಾತು ಮುಗಿಯುವವರೆಗೂ ಕಾಯಲಿಲ್ಲ.

"ನೀ ಕನ್ನಡ? ಪಕ್ಕಾ ಕನ್ನಡ? ನಾ ಭೀ ಕನ್ನಡ!" ಎಂದಳು.

ಅವಳೇ ಅಂಬಿಕಾ. ರಸಾಯನಶಾಸ್ತ್ರದ ಎಂ.ಎಸ್ಸಿ., ಅವಳದೂ ಕೊನೆಯ ವರ್ಷ. ಅವಳ ಅಪ್ಪ ಯಾದಗಿರಿ ಕಡೆಯವರು. ಇಪ್ಪತ್ತೈದು ವರ್ಷದ ಹಿಂದೆ ವಟ್ವಾದ ಒಂದು ಬಣ್ಣದ ಕಾರ್ಖಾನೆಗೆ ಕೂಲಿಯಾಗಿ ಬಂದು, ಅಲ್ಲೇ ಬಾಯ್ಲರ್ ನೋಡಿಕೊಳ್ಳುವವರಾಗಿದ್ದರು. ಅಂಬಿಕಾ ಹುಟ್ಟಿದ್ದೂ ಬೆಳೆದದ್ದೂ ವಟ್ವಾದಲ್ಲೇ. ಅವಳ ಕನ್ನಡದಲ್ಲಿ ಎಲ್ಲರೂ ನಪುಂಸಕಲಿಂಗ. "ಅಪ್ಪ ಬಂತು, ಅವ್ವ ಹೋಯ್ತು, ಮೇಡಂ ಬೈತು." ನಾನು ತಿದ್ದುತ್ತಿದ್ದೆ, ಅವಳು ನಗುತ್ತಿದ್ದಳು. ಅಪ್ಪ ಕೆಲಸ ಮಾಡಿದಂಥದ್ದೇ ಒಂದು ಕಾರ್ಖಾನೆಯಲ್ಲಿ ತಾನು ಬಿಳಿ ಕೋಟು ಹಾಕಿಕೊಂಡು ಲ್ಯಾಬಿನಲ್ಲಿ ನಿಲ್ಲಬೇಕು, ಅಪ್ಪ ಗೇಟಿನಿಂದ ಒಳಗೆ ಬಂದು ತನ್ನನ್ನು ನೋಡಬೇಕು ಎಂಬುದು ಅವಳ ಒಂದೇ ಆಸೆ. ಬಹಳ ದೊಡ್ಡ ಆಸೆಯೇನಲ್ಲ. ತರಗತಿಗೆ ಮೊದಲಿಗಳಾಗಿದ್ದ ಹುಡುಗಿಗೆ ಅದು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

ಜೂನ್ ಕೊನೆಯ ವಾರ ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ಅಂಬಿಕಾ ಮಂಚದ ಮೇಲಿರಲಿಲ್ಲ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ, ನೆಲದ ಮೇಲೆ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಬಾಯಲ್ಲಿ ಟವೆಲ್ಲಿನ ತುದಿ. ಹಣೆ, ಮೂಗಿನ ಕೆಳಗೆಲ್ಲ ಬೆವರು. ನಾನು ಗಾಬರಿಯಾಗಿ ಮುಟ್ಟಲು ಹೋದೆ. ಬೇಡವೆಂದು ಕೈ ಅಲ್ಲಾಡಿಸಿದಳು. ಸ್ವಲ್ಪ ಹೊತ್ತಿಗೆ ಎದ್ದು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬಂದಳು.

"ಏನಿಲ್ಲ ಯಾರ್, ತಿಂಗಳದ್ದು. ನನಗ ಸ್ವಲ್ಪ ಜಾಸ್ತಿ ಆಗ್ತದ," ಎಂದಳು. ತಲೆದಿಂಬಿನ ಕೆಳಗಿಂದ ಮಾತ್ರೆಯ ಹಾಳೆ ತೆಗೆದು ಒಂದೇ ಸಲಕ್ಕೆ ಎರಡು ನುಂಗಿದಳು. ಮೂರು ದಿನ ಕಾಲೇಜಿಗೆ ಹೋಗಲಿಲ್ಲ. ನಾಲ್ಕನೇ ದಿನ ಏನೂ ಆಗೇ ಇಲ್ಲವೆಂಬಂತೆ ತಲೆ ಬಾಚಿಕೊಂಡು ಲ್ಯಾಬಿಗೆ ಹೊರಟಳು.

ಅದೇ ಹೊತ್ತಿಗೆ ನನ್ನ ಪ್ರಬಂಧದ ವಿಷಯ ಗೊತ್ತಾಯಿತು. ನನ್ನ ಗೈಡ್ ಮೇಡಂ ಸ್ವತಃ ಆರಿಸಿ ಕೊಟ್ಟದ್ದು: ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿಯರಿಗೆ ಮುಟ್ಟಿನ ದಿನಗಳಲ್ಲಿ ಆಗುವ ತೊಂದರೆಗಳು, ಮತ್ತು ಅವರ ಊಟ, ನಿದ್ದೆ, ಓಡಾಟಕ್ಕೂ ಅದಕ್ಕೂ ಇರುವ ಸಂಬಂಧ. ನಾಲ್ಕು ಪುಟದ ಫಾರಂ ಮಾಡಿದೆವು. ಬೆಳಿಗ್ಗೆ ನಾಷ್ಟಾ ತಿನ್ನುತ್ತೀಯಾ, ದಿನಕ್ಕೆ ಎಷ್ಟು ಚಹಾ, ಎಷ್ಟು ಗಂಟೆಗೆ ಮಲಗುತ್ತೀಯಾ, ಹೊರಗಿನ ತಿಂಡಿ ವಾರಕ್ಕೆ ಎಷ್ಟು ಸಲ, ನಡಿಗೆ ಉಂಟಾ, ಮೊಬೈಲ್ ಎಷ್ಟು ಹೊತ್ತು, ಪರೀಕ್ಷೆಯ ಚಿಂತೆ ಎಷ್ಟು. ಕೊನೆಯ ಪುಟದಲ್ಲಿ ನೋವಿಗೆ ಒಂದು ಗೆರೆ. ಗೆರೆಯ ಎಡತುದಿಯಲ್ಲಿ ಸೊನ್ನೆ, ಬಲತುದಿಯಲ್ಲಿ ಹತ್ತು. ನೋವು ಎಷ್ಟಿದೆಯೋ ಅಲ್ಲಿ ಗುರುತು ಹಾಕಬೇಕು.

ಮೊದಲ ಫಾರಂ ತುಂಬಿದವಳು ಅಂಬಿಕಾ. ಮಂಚದ ಮೇಲೆ ಬೋರಲಾಗಿ ಮಲಗಿ, ಪರೀಕ್ಷೆ ಬರೆಯುವವಳ ಹಾಗೆ ಪ್ರತಿಯೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ ತುಂಬಿದಳು. ಕೊನೆಯ ಪುಟದಲ್ಲಿ ಅವಳ ಗುರುತು ಗೆರೆಯ ಮೇಲಿರಲಿಲ್ಲ. ಹತ್ತನ್ನು ದಾಟಿ, ಕಾಗದದ ಅಂಚಿನ ಹತ್ತಿರ ಇತ್ತು.

"ಹೀಂಗ ಹಾಕಬಾರದು ಅಂಬು. ಗೆರಿ ಮ್ಯಾಲೇ ಹಾಕಬೇಕು," ಎಂದೆ.

"ಗೆರಿ ಮುಗೀತಲ್ಲ?"

"ಮುಗದ್ರೂ. ಇಲ್ಲಾಂದ್ರ ನಾ ಲೆಕ್ಕಕ್ಕ ತಗೊಳ್ಳಾಕ ಬರಂಗಿಲ್ಲ."

ರಬ್ಬರಿನಿಂದ ಅಳಿಸಿ ಎಂಟರ ಮೇಲೆ ಹಾಕಿದಳು. ಹತ್ತು ಯಾಕಲ್ಲ ಎಂದು ನಾನು ಕೇಳಲಿಲ್ಲ. ಆಮೇಲೆ, ಸಂಡಾಸಿಗೆ ಹೋದಾಗಲೂ ಒಳಗೆ ಚೂರಿ ಹಾಕಿ ತಿರುವಿದ ಹಾಗೆ ಆಗುತ್ತದೆ, ಮುಟ್ಟಿಲ್ಲದ ದಿನವೂ ಕೆಲವು ಸಲ ಎಡಗಡೆ ಹಿಡಿದುಕೊಳ್ಳುತ್ತದೆ, ಅದನ್ನು ಎಲ್ಲಿ ಬರೆಯಲಿ ಎಂದು ಕೇಳಿದಳು. ಅದಕ್ಕೆ ನನ್ನ ಫಾರಂನಲ್ಲಿ ಜಾಗ ಇರಲಿಲ್ಲ. "ಅದು ಬ್ಯಾಡ ಬಿಡು," ಎಂದೆ.

ಸಮೀಕ್ಷೆಯ ಜೊತೆಗೆ ಇನ್ನೊಂದು ಭಾಗವಿತ್ತು. ಕೆಲವು ಹುಡುಗಿಯರಿಗೆ ಊಟ, ನಿದ್ದೆ, ವ್ಯಾಯಾಮದ ಒಂದು ವೇಳಾಪಟ್ಟಿ ಕೊಟ್ಟು, ತಿಂಗಳು ತಿಂಗಳು ಫಾರಂ ತುಂಬಿಸಿ, ನೋವು ಕಡಿಮೆಯಾಗುತ್ತದೋ ನೋಡುವುದು. ಅಂಬಿಕಾಳನ್ನು ನಾನೇ ಸೇರಿಸಿಕೊಂಡೆ. ಅವಳ ಅಭ್ಯಾಸಗಳೆಲ್ಲ ನಮ್ಮ ಪಾಠದಲ್ಲಿ ಬರುವ ಕೆಟ್ಟ ಅಭ್ಯಾಸಗಳೇ. ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ದಿನಕ್ಕೆ ಐದಾರು ಚಹಾ, ಜೊತೆಗೆ ಖಾರಿ ಬಿಸ್ಕತ್ತು. ಸಂಜೆ ಗೇಟಿನ ಹೊರಗಿನ ಗಾಡಿಯ ಸೇವ್ ಉಸಳ್. ಓದುತ್ತ ಮಲಗುವುದು ಯಾವಾಗಲೋ. ನನಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿನ ಒಂದು ಜೀವಕ್ಕೆ ಹೊಂದಿದಾಗ ಇಪ್ಪತ್ತೆರಡರ ವಯಸ್ಸಿನಲ್ಲಿ ಆಗುವ ಖುಷಿ ಬೇರೆಯೇ. ನೀಲಿ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು ಅವಳ ಮಂಚದ ಮೇಲಿನ ಗೋಡೆಗೆ ಅಂಟಿಸಿದೆ.

ಅವಳಷ್ಟು ನಿಷ್ಠೆಯಿಂದ ಅದನ್ನು ಪಾಲಿಸಿದವರು ಬೇರೆ ಯಾರೂ ಇಲ್ಲ. ಚಹಾ ಬಿಟ್ಟಳು. ಮೊದಲ ವಾರ ತಲೆನೋವಿನಿಂದ ಕಣ್ಣು ತೆರೆಯಲಾಗದೆ ಒದ್ದಾಡಿದಳು, ಆದರೂ ಬಿಟ್ಟಳು. ಮೆಸ್ಸಿನ ಥೇಪ್ಲಾ ರೊಟ್ಟಿ, ಮೊಸರು, ನೆನೆಹಾಕಿದ ಕಡಲೆ ತಿಂದಳು. ಹತ್ತೂವರೆಗೆ ದೀಪ ಆರಿಸಿದಳು. ಜುಲೈ ಮಳೆಯಲ್ಲಿ ಕೊಡೆ ಹಿಡಿದು ನಾವಿಬ್ಬರೂ ಮೈದಾನದ ಸುತ್ತ ನಡೆಯುತ್ತಿದ್ದೆವು. ಚಪ್ಪಲಿಗೆ ಕೆಸರು ಮೆತ್ತಿ ಕಾಲು ಎತ್ತಲಾಗುತ್ತಿರಲಿಲ್ಲ. ಅವಳು ಆ ತಿಂಗಳ ರಾಸಾಯನಿಕ ಕ್ರಿಯೆಗಳನ್ನೆಲ್ಲ ನನಗೆ ಹೇಳುತ್ತಿದ್ದಳು. ನನಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಆ ನಡಿಗೆಗಳು ಚೆನ್ನಾಗಿದ್ದವು. ಆ ವರ್ಷದಲ್ಲಿ ಯಾವ ಕಲೆಯೂ ಇಲ್ಲದೆ ನೆನಪಾಗುವುದು ಅವಷ್ಟೇ.

ಆಗಸ್ಟಿನ ಫಾರಂನಲ್ಲಿ ಅವಳ ಗುರುತು ಏಳಕ್ಕೆ ಬಂತು. ಅಕ್ಟೋಬರಿನಲ್ಲಿ ಐದು. ಡಿಸೆಂಬರಿನಲ್ಲಿ ನಾಲ್ಕು. ನಾನು ಆ ಕಾಗದಗಳನ್ನು ಮೇಡಂಗೆ ತೋರಿಸಿದೆ. ಮೇಡಂ ಕನ್ನಡಕ ಮೇಲೆತ್ತಿ ನೋಡಿ, "ಇವಳದ್ದು ಬಹಳ ಚೆನ್ನಾಗಿ ಬಂದಿದೆ," ಎಂದರು.

ಕಾಣುವಂಥದ್ದು ಕಾಣಲಿಲ್ಲವೆಂದಲ್ಲ. ಆ ದಿನಗಳು ಬಂದಾಗ ಅವಳು ಈಗ ವಟ್ವಾಕ್ಕೆ ಹೋಗುತ್ತಿದ್ದಳು. "ಅವ್ವಗ ನೋಡಿ ಬರ್ತೀನಿ," ಎಂದು ಬೆಳಗಿನ ರೈಲು ಹಿಡಿಯುತ್ತಿದ್ದಳು. ಅವಳ ಕಸದ ಬುಟ್ಟಿಯಲ್ಲಿ ಖಾಲಿ ಮಾತ್ರೆ ಹಾಳೆಗಳು ಮೊದಲಿಗಿಂತ ಹೆಚ್ಚು ಬೀಳುತ್ತಿದ್ದವು. ಕೇಳಿದರೆ ತಲೆನೋವಿಗೆ ಎನ್ನುತ್ತಿದ್ದಳು. ಲ್ಯಾಬಿನ ಹಾಜರಿ ಕಡಿಮೆಯಾಗಿದೆ ಎಂದು ವಿಭಾಗದಿಂದ ಪತ್ರ ಬಂದಿತ್ತು. ಕಾರಣ ಹೇಳಲು ಹೋದರೆ ಅಲ್ಲಿಯ ಮೇಡಂ, "ನಾವೂ ಹೆಂಗಸರೇ, ನಮಗೂ ಆಗುತ್ತದೆ, ನಾವು ರಜೆ ಹಾಕುತ್ತೇವಾ?" ಎಂದರಂತೆ. ಅದನ್ನು ನನಗೆ ಹೇಳುವಾಗ ಅಂಬಿಕಾ ನಕ್ಕಳು. ನನ್ನ ಅಮ್ಮನೂ ಬೇರೆ ಏನು ಹೇಳಿದಳು? ದೀಪಾವಳಿಗೆ ಅಂಬಿಕಾಳನ್ನು ಸ್ಯಾಟಲೈಟಿನ ಮನೆಗೆ ಕರೆದುಕೊಂಡು ಹೋಗಿದ್ದೆ. ಸೋಫಾದ ಮೇಲೆ ಮುದುಡಿ ಮಲಗಿದ ಅವಳಿಗೆ ಅಮ್ಮ ಓಮದ ಕಷಾಯ ಮಾಡಿಕೊಟ್ಟು, "ಎಲ್ಲಾರದೂ ಇದೇ ಹಣೇಬರಹ ಐತವಾ. ಒಂದು ಮಗು ಆತಂದ್ರ ಎಲ್ಲಾ ನೆಟ್ಟಗಾಗತೈತಿ," ಎಂದು ತಲೆ ಸವರಿದಳು. ಪ್ರೀತಿಯಿಂದಲೇ ಹೇಳಿದ ಮಾತು.

ಜನವರಿಯಲ್ಲಿ ಉತ್ತರಾಯಣ ಬಂತು. ಗಾಳಿಪಟದ ದಿನ. ಅಂಬಿಕಾ ತನ್ನ ಮನೆಗೆ ಬಾ ಎಂದು ಕರೆದಿದ್ದಳು. ಸ್ಯಾಟಲೈಟಿನಿಂದ ಆಟೋ ಹಿಡಿದು ಮಣಿನಗರ ಹಾದು ವಟ್ವಾಕ್ಕೆ ಹೋದೆ. ಎರಡು ಕೋಣೆಯ ಮನೆ, ಮೇಲೆ ನಾಲ್ಕು ಮನೆಗಳಿಗೆ ಸೇರಿದ ಒಂದು ತಾರಸಿ. ಊರಿಗೆ ಊರೇ ತಾರಸಿಯ ಮೇಲಿತ್ತು. ಎಲ್ಲ ಕಡೆಯಿಂದ ಕೂಗು, ಧ್ವನಿವರ್ಧಕದ ಹಾಡು. ಕಾರ್ಖಾನೆಗಳಿಗೆ ರಜೆಯಿದ್ದುದರಿಂದ ಆಕಾಶ ಅಪರೂಪಕ್ಕೆ ನೀಲಿಯಾಗಿತ್ತು. ಅಂಬಿಕಾಳ ಅಪ್ಪ ಪಟದ ದಾರ ಹಿಡಿದಿದ್ದರು. ಅವರ ಉಗುರುಗಳ ಸುತ್ತ ಎಷ್ಟೋ ವರ್ಷದ ಕೆಂಪು ಬಣ್ಣ ಇಳಿದುಹೋಗಿತ್ತು. ಅವಳ ತಾಯಿ ಶರಣಮ್ಮ ಎಳ್ಳಿನ ಚಿಕ್ಕಿ, ಉಂಧಿಯು ಎಂಬ ಗೆಡ್ಡೆ-ತರಕಾರಿಯ ಪಲ್ಯ ತಂದುಕೊಟ್ಟರು. ನಾನು ಅವರನ್ನು ಕಾಕು ಎಂದೇ ಕರೆಯುತ್ತಿದ್ದೆ.

ಅಂಬಿಕಾ ಮಾತ್ರ ಕಾಣಲಿಲ್ಲ. ಹುಡುಕಿದರೆ ನೀರಿನ ಟ್ಯಾಂಕಿನ ಹಿಂದೆ ಕೂತಿದ್ದಳು. ಮುಟ್ಟಿನ ದಿನವಲ್ಲ ಅದು, ನನಗೆ ಅವಳ ದಿನಗಳೆಲ್ಲ ಬಾಯಿಪಾಠವಾಗಿದ್ದವು. ಆದರೂ ಎಡ ಕಿಬ್ಬೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಳು. ನನ್ನ ಹೆಜ್ಜೆ ಕೇಳಿ ಎದ್ದು, "ಗ್ಯಾಸ್ ಆಗ್ಯದ. ಉಂಧಿಯು ಜಾಸ್ತಿ ತಿಂದೆ," ಎಂದಳು.

ಶರಣಮ್ಮ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. ದನಿ ತಗ್ಗಿಸಿ ಕೇಳಿದರು.

"ಯವ್ವಾ, ನೀ ಇದೇ ಓದ್ಲಿಕತ್ತೀದಿ ಅಂತ ಇಕಿ ಹೇಳ್ತಾಳ. ನನಗ ಯಾಕೋ ಅಂಜಿಕಿ ಆಗ್ಲಿಕತ್ತದ. ತಿಂಗಳಿಗೊಮ್ಮೆ ಮನಿಗಿ ಬರ್ತಾಳ, ನೆಲದ ಮ್ಯಾಲ ಹೊಳ್ಳಾಡ್ತಾಳ. ಬಾಜೂಮನಿಯಾಕಿ ಮಣಿನಗರದಾಗ ಒಬ್ಬರು ಹೆಣ್ಮಕ್ಕಳ ಡಾಕ್ಟರ್ ಅದಾರ ಅಂದಳು. ಸೋಮವಾರ ತೋರಸ್ಬೇಕು ಅಂತ ಮಾಡೀನಿ. ತೋರಸ್ಲೇನು?"

ನೆಲದ ಮೇಲೆ ಹೊರಳಾಡುತ್ತಾಳೆ ಎಂದು ಆಕೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಫಾರಂನ ನಾಲ್ಕು. ತಾಯಂದಿರು ಹೆಚ್ಚು ಹೆದರುತ್ತಾರೆ ಎಂದುಕೊಂಡೆ. ನನ್ನ ಗುಂಪಿನಲ್ಲಿ ಅತ್ಯಂತ ಚೆನ್ನಾಗಿ ಸುಧಾರಿಸುತ್ತಿದ್ದ ಹುಡುಗಿ ಈಗ ಬೇರೆ ಔಷಧಿ ಶುರುಮಾಡಿದರೆ ಆರು ತಿಂಗಳ ಕೆಲಸ ಕೆಡುತ್ತದೆ ಎಂಬುದೂ ತಲೆಯಲ್ಲಿ ಬಂದು ಹೋಯಿತು. ಬರಲಿಲ್ಲ ಎಂದು ನಾನು ಇವತ್ತು ಹೇಳಲಾರೆ.

"ಈಗ್ಲೇ ಬ್ಯಾಡ ಕಾಕು," ಎಂದೆ. "ಇದು ಭಾಳ ಹುಡುಗ್ಯಾರಿಗೆ ಆಗೂದೇ. ಊಟ, ನಿದ್ದಿ ಸರಿ ಮಾಡಿದ್ರ ಕಡಿಮಿ ಆಗತೈತಿ. ಕಡಿಮಿ ಆಗಾಕತ್ತೇತಿ, ನೋಡ್ರಿ." ಮೊಬೈಲಿನಲ್ಲಿ ಅವಳ ನಕ್ಷೆ ತೆರೆದು ತೋರಿಸಿದೆ. ಎಂಟರಿಂದ ನಾಲ್ಕಕ್ಕೆ ಇಳಿಯುವ ಕೆಂಪು ಗೆರೆ. ಓದು ಬಾರದ ಆ ಹೆಂಗಸು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಪರೀಕ್ಷೆ ಮುಗೀಲಿ, ಆಮ್ಯಾಲೆ ಬೇಕಾದ್ರ ತೋರಸ್ರಿ."

ಅಷ್ಟರಲ್ಲಿ ಅಂಬಿಕಾ ಅಲ್ಲಿಗೆ ಬಂದಿದ್ದಳು. ತಾಯಿ ಅವಳ ಕಡೆ ತಿರುಗಿ, "ಖರೇನಾ? ಕಡಿಮಿ ಆಗ್ಯದಾ?" ಎಂದು ಕೇಳಿದರು. ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಮೊಬೈಲ್ ನೋಡಿದಳು.

"ಹೌದವ್ವ, ಕಡಿಮಿ ಆಗ್ಯದ," ಎಂದಳು.

ಶರಣಮ್ಮನ ಮುಖ ಹಗುರಾಯಿತು. "ಓದಿದವ್ರು ಹೇಳಿದ್ರ ಧೈರ್ಯ ಬರ್ತದವ್ವ," ಎಂದು ನನ್ನ ಕೈಗೆ ಇನ್ನೊಂದು ಚಿಕ್ಕಿ ಇಟ್ಟರು. ಸೋಮವಾರ ಅವರು ಡಾಕ್ಟರ ಹತ್ತಿರ ಹೋಗಲಿಲ್ಲ.

ಏಪ್ರಿಲ್‌ನಲ್ಲಿ ವಡೋದರಾ ಬೆಂದುಹೋಗುತ್ತದೆ. ಹತ್ತು ಗಂಟೆಗೇ ರಸ್ತೆಯಲ್ಲಿ ಜನ ಇರುವುದಿಲ್ಲ. ಅಂಬಿಕಾಳ ಪ್ರಾಯೋಗಿಕ ಪರೀಕ್ಷೆ ಏಪ್ರಿಲ್ ಎರಡನೇ ವಾರ, ಎಂಟು ಗಂಟೆಯದ್ದು, ಆರು ತಾಸು ನಿಂತೇ ಮಾಡಬೇಕಾದ್ದು. ಹಿಂದಿನ ದಿನ ಮುಟ್ಟು ಬಂದಿತ್ತು. ಬೆಳಿಗ್ಗೆ ಮಾತ್ರೆ ನುಂಗಿ, ಬಿಳಿ ಕೋಟು ಮಡಚಿ ಕೈಯಲ್ಲಿ ಹಿಡಿದು ಹೊರಟಳು. ಅವಳ ತುಟಿಗೆ ಬಣ್ಣವೇ ಇರಲಿಲ್ಲ. "ಬರ್ಲಾ ನಿನ್ನ ಜೋಡಿ?" ಎಂದು ಕೇಳಿದೆ. "ನೀ ನಿನ್ನ ಥೀಸಿಸ್ ಬರಿ. ಇನ್ನಾ ಆರೇ ತಾಸು," ಎಂದಳು.

ಹನ್ನೊಂದು ಗಂಟೆಗೆ ಫೋನು ಬಂತು. ಲ್ಯಾಬಿನ ನೆಲದ ಮೇಲೆ ಬಿದ್ದಿದ್ದಳಂತೆ. ಬೀಳುವಾಗ ಕೈಯಲ್ಲಿದ್ದ ಗಾಜಿನ ಫ್ಲಾಸ್ಕನ್ನು ಒಡೆಯದ ಹಾಗೆ ಮೇಜಿನ ಮೇಲಿಟ್ಟೇ ಬಿದ್ದಳು ಎಂದು ಜೊತೆಯವಳೊಬ್ಬಳು ಹೇಳಿದಳು. ಪರೀಕ್ಷಕರು ಮೊದಲು ಸೆಕೆಯಿಂದ ಎಂದುಕೊಂಡು ಮುಖಕ್ಕೆ ನೀರು ಹೊಡೆದಿದ್ದಾರೆ. ಏಳಲಿಲ್ಲವೆಂದು ಆಮೇಲೆ ಆಸ್ಪತ್ರೆಗೆ ಸಾಗಿಸಿದ್ದಾರೆ.

ಸ್ಕ್ಯಾನ್ ಮಾಡಿದರು. ಗರ್ಭಕೋಶದ ಒಳಗೆ ಇರಬೇಕಾದಂಥ ಪದರ ಹೊರಗೆಲ್ಲ ಬೆಳೆದಿತ್ತು. ಎಡ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ದೊಡ್ಡ ಗಂಟು. ಅದು ಒಡೆದಿತ್ತು. ಕರುಳೂ ಅಂಟಿಕೊಂಡಿತ್ತು. ಅಂದು ಮಧ್ಯಾಹ್ನವೇ ಶಸ್ತ್ರಚಿಕಿತ್ಸೆಯಾಯಿತು. ವಟ್ವಾದಿಂದ ಅವಳ ಅಪ್ಪ ಅವ್ವ ಬರುವ ಹೊತ್ತಿಗೆ ಎಡ ಅಂಡಾಶಯ ತೆಗೆದಾಗಿತ್ತು. ಬಲಗಡೆಯದ್ದೂ ಚೆನ್ನಾಗಿಲ್ಲ, ಕರುಳಿಗೆ ಅಂಟಿದ್ದನ್ನು ಪೂರ್ತಿ ಬಿಡಿಸಲಾಗಿಲ್ಲ ಎಂದು ಡಾಕ್ಟರು ಹೇಳಿದರು. ನಡುವಯಸ್ಸಿನ ಹೆಂಗಸು, ಬಹಳ ದಣಿದಿದ್ದರು.

"ಇಷ್ಟು ದಿನ ಯಾಕೆ ಬಿಟ್ಟಿರಿ? ಇವಳಿಗೆ ವರ್ಷಗಳಿಂದ ನೋವಿರಬೇಕು. ಕೆಲವು ತಿಂಗಳು ಮೊದಲು ಬಂದಿದ್ದರೂ..." ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರು.

ನಾನು ನೀರಿನ ಬಾಟಲಿ ಹಿಡಿದು ಅಲ್ಲೇ ನಿಂತಿದ್ದೆ. ಶರಣಮ್ಮನಿಗೆ ಓಣಿಯ ಹಿಂದಿ ಬರುತ್ತಿತ್ತು, ಡಾಕ್ಟರ ಹಿಂದಿ ತಿಳಿಯಲಿಲ್ಲ. "ಏನಂದ್ರವ್ವಾ?" ಎಂದು ನನ್ನನ್ನೇ ಕೇಳಿದರು. ನಾನೇ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ಹೇಳಿದೆ, ಒಂದು ಮಾತನ್ನೂ ಬಿಡದೆ. ಆಕೆ ಜನವರಿಯ ಮಾತನ್ನು ಎತ್ತಲಿಲ್ಲ. "ನಾವೇ ತಿಳೀಲಾರದ ಮಂದಿ," ಎಂದಷ್ಟೇ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡರು. ಬೈದಿದ್ದರೆ ನಾನು ಅಳಬಹುದಿತ್ತು.

ಒಂದು ವಾರದ ನಂತರ ಗೈಡ್ ಮೇಡಂ ನನ್ನನ್ನು ಕರೆಸಿದರು. ಅಂಬಿಕಾಳ ಸುದ್ದಿ ಅವರಿಗೆ ತಲುಪಿತ್ತು. ನಿಜವಾಗಿಯೂ ಮರುಗಿದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಕರಡನ್ನು ಹತ್ತಿರ ಎಳೆದುಕೊಂಡರು.

"ಆ ಹುಡುಗಿಯ ಫಾರಂಗಳನ್ನು ತೆಗೆದುಬಿಡು," ಎಂದರು. "ಗರ್ಭಕೋಶದ ಕಾಯಿಲೆ ಇರುವವರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ನಾವೇ ಮೊದಲು ಬರೆದಿದ್ದೇವೆ, ಅಲ್ಲವಾ? ಇಟ್ಟುಕೊಂಡರೆ ತಪ್ಪಾಗುತ್ತದೆ."

ನಿಯಮದ ಪ್ರಕಾರ ಅದು ಸರಿ. ನಾನು ಕೋಣೆಗೆ ಬಂದು ಕಟ್ಟುಗಳನ್ನು ಬಿಚ್ಚಿ ಅವಳ ಕಾಗದಗಳನ್ನು ಆರಿಸಿ ತೆಗೆದೆ. ಕಂಪ್ಯೂಟರಿನಲ್ಲಿ ಅವಳ ಸಾಲನ್ನು ಅಳಿಸಿದೆ. ಕೆಳಗಿದ್ದ ಸಾಲುಗಳು ಒಂದೊಂದು ಹೆಜ್ಜೆ ಮೇಲೆ ಸರಿದವು, ಜಾಗ ಖಾಲಿ ಉಳಿಯಲಿಲ್ಲ. ಸರಾಸರಿಯಲ್ಲಿ ಹೆಚ್ಚು ವ್ಯತ್ಯಾಸವಾಗಲಿಲ್ಲ. ಬೆಳಗಿನ ನಾಷ್ಟಾ, ಸರಿಯಾದ ನಿದ್ದೆ, ನಡಿಗೆಯಿಂದ ಹುಡುಗಿಯರ ನೋವು ತಕ್ಕಮಟ್ಟಿಗೆ ತಗ್ಗುತ್ತದೆ ಎಂಬ ನನ್ನ ಕೊನೆಯ ಅಧ್ಯಾಯವನ್ನು ಮೇ ತಿಂಗಳ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದವರು ಮೆಚ್ಚಿಕೊಂಡರು. ಉಳಿದವರ ಮಟ್ಟಿಗೆ ಅದು ಸುಳ್ಳೂ ಅಲ್ಲ. ನನಗೆ ಮೊದಲ ದರ್ಜೆ ಬಂತು.

ಜೂನಿನಲ್ಲಿ, ಹುಬ್ಬಳ್ಳಿಯ ಕೆಲಸಕ್ಕೆ ಹೊರಡುವ ಮೊದಲು, ವಟ್ವಾಕ್ಕೆ ಹೋದೆ. ಅಂಬಿಕಾ ಕಿಟಕಿಯ ಹತ್ತಿರದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ತೀರಾ ಸೊರಗಿದ್ದಳು, ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಪ್ರಾಯೋಗಿಕ ಪರೀಕ್ಷೆ ಅರ್ಧಕ್ಕೆ ನಿಂತದ್ದರಿಂದ, ಹಾಜರಿಯೂ ಸಾಲದ್ದರಿಂದ, ಇಡೀ ವರ್ಷ ಮತ್ತೆ ಮಾಡಬೇಕೆಂದು ವಿಭಾಗದವರು ತಿಳಿಸಿದ್ದರು. ಶರಣಮ್ಮ ಚಹಾ ಕೊಟ್ಟು ಹೊರಗೆ ಹೋದರು.

"ಅವತ್ತು ನಿಮ್ಮ ಅವ್ವಗ ನಾ ಬ್ಯಾಡ ಅನಬಾರದಿತ್ತು, ಅಂಬು. ನಂದ ತಪ್ಪು," ಎಂದೆ.

ಅವಳು ಜಾರಿದ ಬಳೆಗಳನ್ನು ಮಣಿಕಟ್ಟಿಗೆ ಇಳಿಸಿಕೊಂಡಳು. ಆಮೇಲೆ ಹೇಳಿದಳು, "ನಾ ಫಾರಂದಾಗ ಸುಳ್ಳ ಬರದಿದ್ದೆ, ಗೊತ್ತದ?"

ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದೇ ಅಂದುಕೊಂಡಿದ್ದೆ.

"ಏನೂ ಕಡಿಮಿ ಆಗಿಲ್ಲ ಯಾರ್. ಒಂದು ತಿಂಗಳು ಭೀ ಇಲ್ಲ. ಆಗಸ್ಟದಾಗ ಏಳು ಬರದೆ, ಸುಮ್ಮನೆ. ನಿಂಗ ಎಷ್ಟು ಖುಷಿ ಆತು ಅವತ್ತು! ಕುಣದಿ ನೀ. ಆಮ್ಯಾಲ ಹ್ಯಾಂಗ ಮ್ಯಾಲ ಬರೀಲಿ? ನೀ ಅಷ್ಟು ಮಾಡ್ತಿದ್ದಿ ನನಗ. ಕಡಲಿ ನೆನಸಿಡ್ತಿದ್ದಿ, ಮಳ್ಯಾಗ ವಾಕ್ ಕರಕೊಂಡು ಹೋಗ್ತಿದ್ದಿ. ನಾ ಎಲ್ಲಾ ಮಾಡ್ತಿದ್ದೆ ನೀ ಹೇಳಿದ್ದು. ಆದ್ರೂ ನೋವು ಹೋಗ್ಲಿಲ್ಲ ಅಂದ್ರ, ಮತ್ಲಬ್, ಗಲತಿ ನಂದೇ ಇರಬೇಕು ಅಂತ ಅನಸ್ತಿತ್ತು. ಎಲ್ಲೋ ಒಂದು ಚಹಾ ಕುಡದಿರಬೇಕು, ಒಂದಿನ ಲೇಟ್ ಮಲಗಿರಬೇಕು, ಅದಕ್ಕ ಅಂತ."

ನಾನು ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ನನ್ನ ಮೇಲೆ ಸಿಟ್ಟಿದೆಯಾ ಎಂದು ಕೇಳಿದೆ. "ಸಿಟ್ಟು ಮಾಡ್ಲಿಕ್ಕ ಭೀ ತಾಕತ್ ಬೇಕಲ್ಲ," ಎಂದು ಸಣ್ಣಗೆ ನಕ್ಕಳು. ಅಂದು ಅವಳ ಮಾತಿನಲ್ಲಿ ನಾನು ತಿದ್ದಬೇಕಾದ್ದು ಏನೂ ಇರಲಿಲ್ಲ.

ಮರುವರ್ಷ ಅವಳು ಮತ್ತೆ ಹೆಸರು ಹಚ್ಚಿಸಿದಳು. ನೋವು ತಿರುಗಿ ಬಂದಿತ್ತು. ಡಾಕ್ಟರು ಕೊಟ್ಟ ಹಾರ್ಮೋನಿನ ಮಾತ್ರೆ ನುಂಗಿದರೆ ಮುಖ ಊದಿಕೊಂಡು ಇಡೀ ದಿನ ನಿದ್ದೆ, ಬಿಟ್ಟರೆ ನೋವು. ದೀಪಾವಳಿಯ ನಂತರ ಕಾಲೇಜಿಗೆ ಹೋಗಲಿಲ್ಲ. ಯಾದಗಿರಿ ಕಡೆಯಿಂದ ಬಂದಿದ್ದ ಸಂಬಂಧ, ಹುಡುಗಿಯ ಹೊಟ್ಟೆ ಕೊಯ್ದ ಸುದ್ದಿ ತಲುಪಿದ ಮೇಲೆ ಮುಂದುವರಿಯಲಿಲ್ಲ. ಎರಡನೇ ಶಸ್ತ್ರಚಿಕಿತ್ಸೆ ಆಯಿತು. ಅಪ್ಪನ ಕಾರ್ಖಾನೆಯ ಮಾಲೀಕರು ಬಣ್ಣದ ಮಾದರಿ ಪೊಟ್ಟಣಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟರು, ಮನೆಯಲ್ಲೇ ಕೂತು ಮಾಡುವಂಥದ್ದು. ಇದೆಲ್ಲ ನನಗೆ ಗೊತ್ತಾದದ್ದು ಶರಣಮ್ಮನಿಂದ. ನನ್ನ ಮೆಸೇಜುಗಳಿಗೆ ಅಂಬಿಕಾ ಒಂದೇ ಉತ್ತರ ಬರೆಯುತ್ತಿದ್ದಳು: "ಠೀಕ್ ಇದೀನಿ."

ನಾನೀಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪೌಷ್ಟಿಕತೆ ಪಾಠ ಮಾಡುತ್ತೇನೆ. ಮುಟ್ಟಿನ ನೋವಿನ ಅಧ್ಯಾಯ ಬಂದಾಗ, ನೋವು ತಡೆಯಲಾಗದಿದ್ದರೆ ಡಾಕ್ಟರಿಗೆ ತೋರಿಸಿ ಎಂದು ಹುಡುಗಿಯರಿಗೆ ಹೇಳುತ್ತೇನೆ. ಹೋದ ವರ್ಷ ಒಬ್ಬಳು ತೋರಿಸಿಕೊಂಡು ಬಂದಳು. ಚಹಾ ಬಿಡು, ಬೇಗ ಮಲಗು ಎಂದು ಬರೆದುಕೊಟ್ಟಿದ್ದರು. ಇನ್ನೊಬ್ಬರ ಹತ್ತಿರ ಹೋಗು ಎಂದೆ. ಮನೆಯಲ್ಲಿ ಕಳಿಸುವುದಿಲ್ಲ ಎಂದಳು. ಪರೀಕ್ಷೆಯ ಹೊತ್ತಿಗೆ ಅವಳು ಕಾಲೇಜು ಬಿಟ್ಟಿದ್ದಳು. ಯಾಕೆಂದು ನನಗೆ ಗೊತ್ತಾಗಲಿಲ್ಲ.

ಹೋದ ತಿಂಗಳ ಆ ಪ್ರಯಾಣ ಒಂದು ತರಬೇತಿಗೆಂದು. ಅಪ್ಪನಿಗೆ ಮತ್ತೆ ಗದಗಿಗೆ ವರ್ಗವಾಗಿದೆ, ಸ್ಯಾಟಲೈಟಿನಲ್ಲಿ ಈಗ ನಮ್ಮವರು ಯಾರೂ ಇಲ್ಲ. ವಟ್ವಾ ದಾಟಿ ಮುಂದಿನ ಸ್ಟೇಷನ್ ಮಣಿನಗರದಲ್ಲಿ ಇಳಿದು, ಪ್ಲಾಟ್‌ಫಾರಂನ ಬೆಂಚಿನ ಮೇಲೆ ಬ್ಯಾಗ್ ಇಟ್ಟು, ಅಂಬಿಕಾಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಗಿ, ಇನ್ನೇನು ಕಟ್ಟಾಗುತ್ತದೆ ಎನ್ನುವಾಗ ಎತ್ತಿದಳು.

"ಇಲ್ಲೇ ಮಣಿನಗರದಾಗ ಇದ್ದೀನಿ ಅಂಬು. ಬರ್ಲಾ?"

ಆ ಕಡೆ ಉಸಿರು ಕೇಳುತ್ತಿತ್ತು, ಎಳೆದು ಎಳೆದು ಬಿಡುವ ಉಸಿರು.

"ಇವತ್ತು ಬ್ಯಾಡ ವಿದ್ಯಾ. ಇವತ್ತು ಎರಡನೇ ದಿನ."

"ನಾಳೆ ಬರ್ಲಾ? ನಾ ನಾಕ್ ದಿನ ಇರ್ತೀನಿ."

"ನಾಳೆ ಭೀ ಹಿಂಗೇ ಇರ್ತದ. ನಾಲ್ಕು ದಿನ ಭೀ ಹಿಂಗೇ." ಮತ್ತೆ ಉಸಿರು. "ನೀ ಚಂದ ಇದ್ದೀ ಅಲ್ಲಾ? ಅಷ್ಟು ಸಾಕು. ಇಡ್ತೀನಿ."

ಅವಳು ಫೋನ್ ಇಟ್ಟ ಮೇಲೂ ನಾನು ಅದನ್ನು ಕಿವಿಗೇ ಹಿಡಿದುಕೊಂಡು ನಿಂತಿದ್ದೆ. ವಟ್ವಾದ ಕಡೆ ಹೋಗುವ ಲೋಕಲ್ ಬಂದು ನಿಂತಿತು, ಜನ ಇಳಿದರು, ಜನ ಹತ್ತಿದರು, ಹೋಯಿತು. ಬ್ಯಾಗ್ ಎತ್ತಿಕೊಂಡು ಹೊರಗೆ ಬಂದೆ. ಆಟೋದವನು ಎಲ್ಲಿಗೆ ಬೆಹನ್ ಎಂದು ಎರಡು ಸಲ ಕೇಳಿದ. ತರಬೇತಿಯ ವಿಳಾಸ ಹೇಳಿದೆ.